ಟಾಲಿವರ್ ಬಂದೂಕಿನ ಅದಲುಬದಲು

"ಇದು ನಮ್ಮನೆ ಬಂದೂಕಲ್ಲ" ಎಂದರು ಮಿಸ್ ಅಡೆಲಾ ಟಾಲಿವರ್.

ಬೆಳಗಿನ ಎಂಟು ಗಂಟೆ. ಶೆನಂಡೋವಾ ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಬಿಳಿ ಗುಡಾರಗಳು ಹುಲ್ಲಿನ ಮೇಲೆ ತೇಲುತ್ತಿರುವಂತೆ ಕಾಣುತ್ತಿದ್ದವು. ಉಣ್ಣೆಯ ಸಮವಸ್ತ್ರ ತೊಟ್ಟ ಗಂಡಸರು ಮಂಜಿನಿಂದ ಹೊರಬಂದು ಮತ್ತೆ ಮಂಜಿನಲ್ಲೇ ಮರೆಯಾಗುತ್ತಿದ್ದರು. ಪ್ರತಿ ಅಕ್ಟೋಬರಿನಲ್ಲಿ ಮೂರು ದಿನ, ಅಮೆರಿಕದ ಅಂತರ್ಯುದ್ಧದ ಹಳೆಯ ಕಾಳಗವನ್ನು ಆಡಿ ತೋರಿಸಲು ಸೇರುವ ನಮ್ಮ ಜನ ನಿದ್ದೆಯಲ್ಲಿ ನಡೆಯುವವರ ಹಾಗೆ ಇನ್ನೊಂದು ಶತಮಾನದಲ್ಲಿ ಓಡಾಡಿಕೊಂಡಿರುತ್ತಾರೆ.

ಅವರ ಕೈಯಲ್ಲಿರುವ ರೈಫಲ್‌ಗಳೆಲ್ಲ ಹೊಸದಾಗಿ ಮಾಡಿದ ಪ್ರತಿಕೃತಿಗಳು. ಹೆಚ್ಚಿನವು ಇಟಲಿಯಿಂದ ಬಂದವು. ಅಸಲಿ ಎಂಬುದು ಆ ಬಯಲಿನಲ್ಲಿ ಒಂದೇ ಇತ್ತು. ಅದು ಮಿಸ್ ಅಡೆಲಾರ ಮುತ್ತಜ್ಜ ಜೊಸಾಯ ಯುದ್ಧದಿಂದ ಹೊತ್ತು ತಂದ, ೧೮೬೧ರ ರೈಫಲ್. ಸೋಮವಾರ ಅದು ಊರಿನ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸೇರುವುದಿತ್ತು. ಅದಕ್ಕೆ ಮೊದಲು ಜನ ನೋಡಲಿ ಎಂದು ಒಂದು ಗುಡಾರದಲ್ಲಿ ಇಟ್ಟಿದ್ದರು.

"ಜೊಸಾಯನ ಹೆಸರಿನ ಅಕ್ಷರ ಇಲ್ಲೇ ಕೆತ್ತಿದೆಯಲ್ಲ, ಮಿಸ್ ಅಡೆಲಾ?" ಎಂದೆ.

"ಕೆತ್ತಿದೆ. ಆದ್ರೆ ಕೆಳಗಡೆ ಮರದಲ್ಲಿ ಒಂದು ಸಣ್ಣ ಕುಳಿ ಇತ್ತು, ಎಮೆಟ್. ಚಿಕ್ಕೋಳಿದ್ದಾಗ ಅಪ್ಪನ ತೊಡೆ ಮೇಲೆ ಕೂತು ಅದರಲ್ಲಿ ಹೆಬ್ಬೆರಳು ಇಡ್ತಿದ್ದೆ. ಈಗ ಬೆರಳಿಗೆ ಅದು ಸಿಗ್ತಾ ಇಲ್ಲ." ಎಂಬತ್ತೊಂದು ವರ್ಷದ ಆ ಹೆಂಗಸಿನ ಬೆರಳು ಮರದ ಮೇಲೆ ಕುರುಡರ ಬೆರಳಿನಂತೆ ಹುಡುಕುತ್ತಲೇ ಇತ್ತು.

ನಾನು ಓಡಿಹೋಗಿ ಲಿಯೋರಾ ಸ್ಟಾಂಬಾಳನ್ನು ಕರೆತಂದೆ. ಲಿಯೋರಾ ನಮ್ಮೂರಿನಲ್ಲಿ ಮೂವತ್ತು ವರ್ಷಗಳಿಂದ ಇಂಥ ಬಂದೂಕು ರಿಪೇರಿ ಮಾಡುವವಳು. ಊರಿನಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ, ಜನ ಷೆರೀಫನಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಾರೆ. ಪೋಸ್ಟ್ ಆಫೀಸಿನಿಂದ ನಿವೃತ್ತನಾದ ಮೇಲೆ ಅವಳ ಹಿಂದೆ ತಿರುಗುವುದೇ ನನ್ನ ಕೆಲಸ.

ಅಷ್ಟರಲ್ಲಿ ಕಳ್ಳ ಯಾರೆಂದು ಶಿಬಿರ ತೀರ್ಮಾನ ಮಾಡಿಯಾಗಿತ್ತು. ದಳದ ಕ್ಯಾಪ್ಟನ್ ವೆಂಡೆಲ್ ರಸ್ಕ್ ಆ ಬಂದೂಕನ್ನು ತನಗೆ ಮಾರಿ ಎಂದು ಮೂರು ಸಲ ಕೇಳಿದ್ದ. ಅವನ ಸೈನಿಕರೇ ಈಗ ಅವನಿಗೆ ಬೆನ್ನು ತಿರುಗಿಸಿ ನಿಂತಿದ್ದರು.

"ಕಾವಲುಗಾರ ಎಷ್ಟು ಹೊತ್ತಿನವರೆಗೆ ಇದ್ದ?" ಲಿಯೋರಾ ಕೇಳಿದಳು.

"ಆರೂವರೆವರೆಗೆ" ಎಂದೆ. "ಆಮೇಲೆ ಹಾಜರಿಗೆ ಹೋದ. ಹೋಗೋವಾಗ ಗುಡಾರದ ಹತ್ತಿರ ಮೂವರನ್ನ ಕಂಡನಂತೆ. ಕ್ಯಾಪ್ಟನ್ ರಸ್ಕ್, ಸಿನಿಮಾದವರಿಗೆ ಬಂದೂಕು ಒದಗಿಸೋ ಡೆಲ್ಫಿನ್ ಮೋಜರ್, ಗುರಿಕಾರ ಹೋಬರ್ಟ್ ಲೈಲ್."

"ಬೆಳಿಗ್ಗೆ ವಿಶೇಷ ಏನಾದ್ರೂ ಆಯ್ತಾ?"

"ಏನೂ ಇಲ್ಲ. ಏಳು ಗಂಟೆಗೆ ಕಾಫಿ ಕುಡೀತಿದ್ವಿ. ಆ ಕಾಲದಲ್ಲಿ ಇಲ್ಲದ ಕೈಗಡಿಯಾರ ನಾನು ಕಟ್ಟಿದ್ದಕ್ಕೆ ಕ್ಯಾಪ್ಟನ್ ಬೈತಿದ್ದ. ಆಗ ಹೊಳೆ ಆಚೆ ಯಾವನೋ ಬೇಟೆಗಾರ ಒಂದು ಗುಂಡು ಹೊಡೆದ, ಅಷ್ಟೇ."

"ಗುಂಡೇ ಅಂತ ಹೇಗೆ ಗೊತ್ತು?"

"ಬಟ್ಟೆ ಹರಿದ ಹಾಗೆ ಚರ್ರ್ ಅಂತು. ಬರೀ ಮದ್ದಾದ್ರೆ ಧೊಪ್ ಅಂತಿತ್ತು."

ಲಿಯೋರಾ ಬದಲಿ ಬಂದೂಕನ್ನು ಮೇಜಿನ ಮೇಲಿಟ್ಟು ಟ್ರಿಗರ್ ಎಳೆದಳು. ಅದು ಬೆಣ್ಣೆಯಂತೆ ಸರಿಯಿತು. ನಳಿಗೆ ಹಿಡಿದಿದ್ದ ಲೋಹದ ಪಟ್ಟಿಗಳನ್ನು ಜಾರಿಸಿ ನಳಿಗೆಯನ್ನು ಮರದಿಂದ ಎತ್ತಿದಳು. ಕೆಳಗಿನ ತೋಡಿನಲ್ಲಿ ಗಾಜಿನಂತೆ ಗಟ್ಟಿಯಾದ, ಇಂದಿನ ಕಾಲದ ಅಂಟು ಮಿರುಗುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಬಾ, ಮೂವರಿಗೂ ಒಂದೇ ಪ್ರಶ್ನೆ ಕೇಳೋಣ" ಎಂದಳು.

ಪ್ರಶ್ನೆ ಇಷ್ಟೇ: ನೀವು ಪ್ರತಿಕೃತಿ ಕೊಳ್ಳುವಾಗ ಏನು ಬಯಸುತ್ತೀರಿ?

ಕ್ಯಾಪ್ಟನ್ ರಸ್ಕ್‌ನ ಕಣ್ಣು ಕೆಂಪಾಗಿತ್ತು. "ಸುಳ್ಳು ಇರಬಾರದು. ಇಟಲಿಯ ಮುದ್ರೆ ಉಜ್ಜಿ ತೆಗೀಬೇಕು. ವಾರ್ನಿಷ್ ಕೆರೆದು ಎಣ್ಣೆ ಹಚ್ಚಬೇಕು. ಒಳಗಿನ ಒಂದು ಸ್ಕ್ರೂ ಈಗಿನದಾದ್ರೂ ನಂಗೆ ನಿದ್ದೆ ಬರಲ್ಲ, ಮಿಸ್ ಲಿಯೋರಾ. ಅಂಥೋನು ಕದೀತೀನಾ?"

ಡೆಲ್ಫಿನ್ ನಕ್ಕಳು. "ನಂಗೆ ಹಗುರ ಇರಬೇಕು, ಹೊಗೆ ಜಾಸ್ತಿ ಬರಬೇಕು. ಕುದುರೆ ಮೇಲಿಂದ ಬಿದ್ರೂ ಮುರೀಬಾರದು. ಹತ್ತು ಅಡಿ ದೂರದಿಂದ ಅಸಲಿ ಹಾಗೆ ಕಂಡ್ರೆ ಸಾಕಪ್ಪ. ಹತ್ತಿರ ಬಂದು ನೋಡೋರು ಯಾರು?"

ಹೋಬರ್ಟ್ ಲೈಲ್ ಐವತ್ತು ದಾಟಿದ, ಮಾತು ಕಡಿಮೆಯ ಬಡಗಿ. ಮಾರನೆಯ ದಿನ ಗುಡ್ಡದಾಚೆ ನಡೆಯುವ ಗುರಿ ಪಂದ್ಯಕ್ಕೆ ಬಂದಿದ್ದ. "ಇಟ್ಟ ಗುರಿಗೆ ಹೋಗಬೇಕು" ಎಂದಷ್ಟೇ ಹೇಳಿ, ಹೊಳೆಯ ಕಡೆ ನೋಡುತ್ತ ನಿಂತ.

ಮಧ್ಯಾಹ್ನ ಲಿಯೋರಾ ಎಲ್ಲರನ್ನೂ ಅಡುಗೆಯ ಬೆಂಕಿಯ ಸುತ್ತ ಸೇರಿಸಿದಳು. ಬಾಣಲೆಯಲ್ಲಿ ಉಪ್ಪು ಹಂದಿಮಾಂಸ ಚಟಪಟ ಎನ್ನುತ್ತಿತ್ತು. ಬಿಸಿಲಿಗೂ ಹೊಗೆಗೂ ಮಧ್ಯೆ ಎಲ್ಲರ ಮುಖಗಳೂ ಹಳೆಯ ಫೋಟೋದ ಮುಖಗಳಂತೆ ಮಸುಕಾಗಿದ್ದವು.

"ಈ ಪ್ರತಿಕೃತಿಯ ಹೊರಗಡೆ ನೋಡಿದ್ರೆ ಕ್ಯಾಪ್ಟನ್‌ದೇ ಅನ್ಸತ್ತೆ" ಎಂದು ಅವಳು ಶುರುಮಾಡಿದಳು. "ಮುದ್ರೆ ಇಲ್ಲ, ವಾರ್ನಿಷ್ ಇಲ್ಲ, ಅಕ್ಷರ ಸಮೇತ ಅಸಲಿಯ ಅಚ್ಚು. ಆದ್ರೆ ಒಳಗೆ ಅಂಟು ಇದೆ. ಒಳಗಿನ ಸ್ಕ್ರೂಗೆ ನಿದ್ದೆಗೆಡೋ ಮನುಷ್ಯ ಇದನ್ನ ಸಹಿಸ್ತಾನಾ? ಇನ್ನು ಡೆಲ್ಫಿನ್‌ಗೆ ಹತ್ತು ಅಡಿ ಸಾಕು. ಇಷ್ಟು ಕೆತ್ತನೆ ಅವಳು ಮಾಡಲ್ಲ. ನಳಿಗೆ ಅಲುಗದ ಹಾಗೆ ಅಂಟು ಹಾಕ್ಸೋನು, ಟ್ರಿಗರ್ ಇಷ್ಟು ನಯ ಮಾಡ್ಸೋನು ಗುರಿಕಾರ. ಕಣ್ಣಿಗೆ ಕಾಣೋದನ್ನೆಲ್ಲ ಈತ ಬದಲಾಯಿಸಿದ. ಗುರಿಗೆ ಹೊಡೆಯೋ ಭಾಗ ಮುಟ್ಟೋಕೆ ಮಾತ್ರ ಅವನಿಗೆ ಕೈ ಬರಲಿಲ್ಲ."

ಎಲ್ಲರೂ ಹೋಬರ್ಟ್ ಕಡೆ ತಿರುಗಿದರು. ಲಿಯೋರಾ ಮುಂದುವರಿಸಿದಳು.

"ಇನ್ನು ಏಳು ಗಂಟೆಯ ಶಬ್ದ. ಈ ಶಿಬಿರಕ್ಕೆ ಗುಂಡು ತರೋಹಾಗಿಲ್ಲ. ಇಲ್ಲಿ ಬರೀ ಮದ್ದು ಹೊಡೀತಾರೆ. ಗುಂಡು ಇದ್ದಿದ್ದು ನಾಳೆಯ ಪಂದ್ಯಕ್ಕೆ ಬಂದವನ ಗಾಡಿಯಲ್ಲಿ. ಆ ಹೊತ್ತಿಗೆ ಕ್ಯಾಪ್ಟನ್ ಎಮೆಟ್‌ನ ಗಡಿಯಾರಕ್ಕೆ ಬೈತಾ ನಿಂತಿದ್ದ. ಕದಿಯೋಕೆ ಬಂದೋನು ಮಾಲು ಹೊತ್ಕೊಂಡು ಓಡ್ತಾನೆ, ಹೊಡೆದು ಸದ್ದು ಮಾಡಲ್ಲ. ಇವನಿಗೆ ಬೇಕಿದ್ದಿದ್ದೇ ಆ ಸದ್ದು. ಅಲ್ವಾ, ಹೋಬರ್ಟ್?"

ಹೋಬರ್ಟ್ ಟೋಪಿ ತೆಗೆದ. ಎದ್ದು ಹೋಗಿ, ಗಾಡಿಯಿಂದ ಕಂಬಳಿಯಲ್ಲಿ ಸುತ್ತಿದ ರೈಫಲ್ ತಂದು ಮಿಸ್ ಅಡೆಲಾರ ಮಡಿಲಲ್ಲಿಟ್ಟ. ಅವರ ಹೆಬ್ಬೆರಳು ತನ್ನ ಕುಳಿಯನ್ನು ತಾನೇ ಹುಡುಕಿಕೊಂಡಿತು.

"ನಲವತ್ತು ವರ್ಷದಿಂದ ಪ್ರತಿಕೃತಿಲೇ ಹೊಡೀತಾ ಬಂದೆ, ಮಿಸ್ ಅಡೆಲಾ" ಎಂದ. "ಎಲ್ಲಾ ಚೆನ್ನಾಗೇ ಇದ್ವು. ಆದ್ರೆ ಅಸಲಿ ಹೆಗಲಿಗೆ ಹೇಗೆ ಒದೆಯತ್ತೆ ಅಂತ ಗೊತ್ತಿರಲಿಲ್ಲ. ಸೋಮವಾರ ಗಾಜಿನೊಳಗೆ ಹೋದ್ರೆ ಮುಗೀತು. ನೀವು ಒಂಬತ್ತಕ್ಕೆ ಬರೋರು. ಅಷ್ಟರೊಳಗೆ ಹಿಂದಿಡೋಣ ಅಂದ್ಕೊಂಡಿದ್ದೆ. ಇವತ್ತು ಎಂಟಕ್ಕೇ ಬಂದ್ಬಿಟ್ರಿ."

"ಬಾಯಿಬಿಟ್ಟು ಕೇಳಬಾರದಿತ್ತಾ?"

"ಬೇಡ ಅಂದ್ಬಿಟ್ರೆ?"

"ಬೇಡ ಅಂತಲೇ ಅಂತಿದ್ದೆ! ನೂರರವತ್ತು ವರ್ಷದ ಕಬ್ಬಿಣ. ಸಿಡಿದಿದ್ರೆ ನಿನ್ನ ಮುಖ ಉಳೀತಿತ್ತಾ, ಪೆದ್ದ?" ಮಿಸ್ ಅಡೆಲಾ ಗದರಿದರು. "ಆ ಕ್ಯಾಪ್ಟನ್‌ನ ಎಲ್ಲರೂ ಕಳ್ಳ ಅಂದ್ರಲ್ಲ, ನೀನು ಬಾಯಿ ಮುಚ್ಕೊಂಡು ನಿಂತಿದ್ದೆಯಲ್ಲ, ಅದಕ್ಕೇನು ಹೇಳ್ತಿ?"

ಹೋಬರ್ಟ್ ರಸ್ಕ್‌ನ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳುವಂತೆ ಕ್ಷಮೆ ಕೇಳಿದ. ರಸ್ಕ್, "ಆ ಅಂಟಿಗೆ ಮಾತ್ರ ಕ್ಷಮೆ ಇಲ್ಲ ಮಾರಾಯ" ಎಂದ. ಬೆನ್ನು ತಿರುಗಿಸಿದ್ದ ಸೈನಿಕರು ತಲೆ ತಗ್ಗಿಸಿಕೊಂಡು ಒಬ್ಬೊಬ್ಬರಾಗಿ ಅವನ ಪಕ್ಕಕ್ಕೆ ಬಂದು ಕೂತರು.

"ಷೆರೀಫನಿಗೆ ಹೇಳಿ ಕಳಿಸ್ಲಾ?" ನಾನು ಕೇಳಿದೆ.

"ಅದು ನಮ್ಮಿಬ್ಬರ ಲೆಕ್ಕ" ಎಂದರು ಮಿಸ್ ಅಡೆಲಾ. "ನನ್ನ ಬಂದೂಕಲ್ಲಿ ಅವನು ಗುಂಡು ಹೊಡೆದ. ಅವನದರಲ್ಲಿ ನಾನು ಹೊಡೀತೀನಿ. ನಮ್ಮನೇಲಿ ಹೆಣ್ಣುಮಕ್ಕಳಿಗೆ ಒರೆಸೋಕೆ ಕೊಡ್ತಿದ್ರೇ ಹೊರತು, ಹೊಡೆಯೋಕೆ ಯಾರೂ ಕೊಡ್ಲಿಲ್ಲ."

ಅಂದೇ ಸಂಜೆಗೆ ಮುಂಚೆ ನಾವು ಗುಡ್ಡದಾಚೆಯ ಗುರಿ ಬಯಲಿಗೆ ಹೋದೆವು. ಹೋಬರ್ಟ್ ತನ್ನ ಬಂದೂಕಿನಲ್ಲಿ ಮದ್ದು ಸುರಿದು, ಗುಂಡು ಗಿಡಿದು, ಅದನ್ನು ಆಕೆಯ ಹೆಗಲಿಗೆ ಮೆಲ್ಲನೆ ಆನಿಸಿದ. ಲಿಯೋರಾ ಹಿಂದೆ ನಿಂತು ಆಕೆಯ ಬೆನ್ನಿಗೆ ಬೆನ್ನು ಕೊಟ್ಟಳು. ಮಿಸ್ ಅಡೆಲಾ ಒಂದು ಕಣ್ಣು ಮುಚ್ಚಿ ಟ್ರಿಗರ್ ಎಳೆದರು.

ಬಿಳಿ ಹೊಗೆ ಅವರನ್ನು ಪೂರ್ತಿ ನುಂಗಿತು. ಒಂದು ಗಳಿಗೆ ಯಾರೂ ಕಾಣಲಿಲ್ಲ. ಆಮೇಲೆ ಹೊಗೆಯೊಳಗಿಂದ ಕೆಮ್ಮು ಕೇಳಿತು, ಕೆಮ್ಮಿನ ಹಿಂದೆಯೇ ನಗು.

"ತಗುಲ್ತಾ?"

"ಇಲ್ಲ, ಮಿಸ್ ಅಡೆಲಾ. ಬೇಲಿಗೂ ತಗುಲಿಲ್ಲ" ಎಂದ ಹೋಬರ್ಟ್.

"ಹಾಗಾದ್ರೆ ಸುಮ್ಮನೆ ಯಾಕೆ ನಿಂತಿದೀಯ? ಇನ್ನೊಂದು ತುಂಬು."