ಈ ತಾಳಿ ಯಾರಿಗೆ ಮಾಡಿದ್ದು?

ವಿಮಾನದ ಕಿಟಕಿ ಪಕ್ಕದ ಸೀಟಿನಲ್ಲಿ ಅವಳು ಕೂತಿದ್ದಳು. ವೀಣಳ ಗಂಡನ ಭುಜಕ್ಕೆ ಭುಜ ತಾಗಿಸಿಕೊಂಡು!

ವೀಣ ನಡೆಯುವ ದಾರಿಯಲ್ಲೇ ನಿಂತುಬಿಟ್ಟಳು. ಹಿಂದಿನವರ ಬ್ಯಾಗು ಬೆನ್ನಿಗೆ ತಿವಿಯುತ್ತಿತ್ತು.

"ರೀ... ಇದು ನನ್ ಸೀಟಲ್ವಾ?"

ರಘುನಂದನ ತಲೆಯೆತ್ತಿದ. "ಇಲ್ಲ ಕಣಮ್ಮಿ, ನಿಂದು ಹಿಂದ್ಗಡೆ ಬಂದದೆ. ಟಿಕೀಟಲ್ಲೇ ಅಂಗದೆ. ಇವ್ರು ಸುನಿತಾ, ಕೆ.ಆರ್. ಪೇಟೆಯೋರು. ಒಡವೆ ಡಿಸೈನ್ ಓದವ್ರೆ. ಇಂಗ್ಲಿಷು ಬರೋದ್ರಿಂದ ನಮ್ಗೆಲ್ಲ ಇವ್ರೇ ಗೈಡು."

"ನಮಸ್ತೆ ವೀಣ!" ಸುನಿತಾ ನಕ್ಕಳು. ಚೆಂದದ ನಗು. "ರಘು ಮಾತಿಗೆ ಕೂತ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ ಅಲ್ವಾ?"

ರಘು! ಮದುವೆಯಾಗಿ ಐದು ತಿಂಗಳಾದರೂ ವೀಣ 'ರೀ' ದಾಟಿ ಮುಂದೆ ಹೋಗಿಲ್ಲ. ಇನ್ನು ಮಾತು? 'ಊಟ ಆಯ್ತಾ', 'ಬಾಗ್ಲು ಹಾಕ್ಕೋ'... ಅಲ್ಲಿಗೆ ಇವನ ಮಾತಿನ ಗಂಟು ಖಾಲಿ!

ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಯ ಚಿನ್ನದ ಕೆಲಸದವರ ಸಂಘದಿಂದ ಹೊರಟ ಪ್ರವಾಸ ಅದು. ಮೂವತ್ತೊಂದು ಜನ. ಇಟಲಿಯಲ್ಲಿ ಒಡವೆಗಳ ದೊಡ್ಡ ಪ್ರದರ್ಶನ ನೋಡಿ, ಜೊತೆಗೆ ನಾಲ್ಕು ಊರು ಸುತ್ತಿ ಬರುವುದು. ಕೋಳಿ ಕೂಗುವ ಮೊದಲೇ ಪಾಂಡವಪುರದಲ್ಲಿ ಬಸ್ಸು ಹತ್ತಿದಾಗ ವೀಣಳಿಗೆ ನೆಲದ ಮೇಲೆ ಕಾಲಿರಲಿಲ್ಲ. ಇಷ್ಟು ದೂರ ಹೋದರೆ ತನ್ನ ಮೌನಿ ಗಂಡ ಬಾಯಿ ಬಿಟ್ಟಾನು ಎಂಬ ಆಸೆ. ಬಾಯಿ ಬಿಟ್ಟನಲ್ಲ, ಬಿಡದೇ ಏನು! ಆದರೆ ಯಾರ ಹತ್ತಿರ?

ಅವಳಿಗೆ ಸಿಕ್ಕಿದ್ದು ಸಂಘದ ಅಧ್ಯಕ್ಷ ಹೊನ್ನಪ್ಪನವರ ಪಕ್ಕದ ಸೀಟು. ಅವರಿಗೆ ಕಿವಿ ಮಂದ.

"ತಗೋಳವ್ವ, ಕೋಡುಬಳೆ."

"ಬ್ಯಾಡಿ ಅಜ್ಜ."

"ಆಂ? ಇನ್ನೆರಡು ಬೇಕಾ?"

ಮುಂದಿನ ಸಾಲಿನಲ್ಲಿ ಎರಡು ತಲೆಗಳು ಒಂದೇ ಪುಸ್ತಕದ ಮೇಲೆ ಬಾಗಿದ್ದವು. ಸುನಿತಾ ಏನೋ ನಕ್ಷೆ ಬರೆದು ತೋರಿಸುತ್ತಿದ್ದಳು. ಅವನು ಕೈಯಾಡಿಸಿ ವಿವರಿಸುತ್ತಿದ್ದ. ನಗುತ್ತಲೂ ಇದ್ದ! ವೀಣ ಕೋಡುಬಳೆಯನ್ನು ಕಟಕಟನೆ ಕಡಿದಳು.

ಮಸ್ಕತ್‌ನಲ್ಲಿ ಇಳಿದರೆ ಮುಂದಿನ ವಿಮಾನಕ್ಕೆ ಒಂಬತ್ತು ಗಂಟೆ ಕಾಯಬೇಕಿತ್ತು. ಅಗ್ಗದ ಟಿಕೆಟ್ಟಿನ ಮಹಿಮೆ. ಕಾಲು ಊದಿ ಚಪ್ಪಲಿ ಬಿಗಿಯಾಯಿತು. ಕಟ್ಟಿಕೊಂಡು ಬಂದ ಚಿತ್ರಾನ್ನ ಹಳಸಿತು. ಸೊಂಟ ಎಲ್ಲಿದೆ ಎಂದು ಹುಡುಕುವಂತಾಗಿತ್ತು. ರಘುನಂದನ ಎರಡು ಕಾಫಿ ತಂದ. ದಾರಿಯಲ್ಲೇ ಸಿಕ್ಕ ಸುನಿತಾಳಿಗೆ ಒಂದು ಕೊಟ್ಟು, ಇನ್ನೊಂದನ್ನು ಹೆಂಡತಿಗೆ ಚಾಚಿದ.

"ನಂಗೆ ಬ್ಯಾಡ."

"ತಲೆನೋವಾ?"

"ಹೂಂ."

ನೋವಿದ್ದದ್ದು ತಲೆಯಲ್ಲಲ್ಲ. ಆದರೆ ಕೆಲವು ಗಂಡಸರಿಗೆ ಅದನ್ನು ಕೈಹಿಡಿದು ತೋರಿಸಬೇಕು. ಇವನು 'ಮಾತ್ರೆ ಕೊಡ್ಲಾ?' ಎಂದು ಕೇಳಿ, ಆ ಕಾಫಿಯನ್ನೂ ತಾನೇ ಕುಡಿದ!

ಮುಖ ತೊಳೆಯಲು ಹೋದಾಗ ಕನ್ನಡಿಯ ಮುಂದೆ ಸುನಿತಾ ಇದ್ದಳು. ಬಗ್ಗಿದ ವೀಣಳ ಕುತ್ತಿಗೆಯಿಂದ ತಾಳಿ ಹೊರಗೆ ಜಾರಿತು.

"ರಘು ಕೈಕೆಲಸ ಅಲ್ವಾ? ಅವರ ಮನೇಲಿ ಮದುವೆ ಗಂಡೇ ತಾಳಿ ಮಾಡಬೇಕು ಅನ್ನೋದು ಪದ್ಧತಿ." ಸುನಿತಾ ಕಣ್ಣು ಕಿರಿದು ಮಾಡಿ ನೋಡಿದಳು. "ಅದೇ ಡಿಸೈನು. ನನಗೆ ಮಾಡಿದ್ದೂ ಹೀಗೇ ಇತ್ತು."

"ನಿಮ್ಗಾ?"

"ಅಯ್ಯೋ... ನಿಮಗೆ ಹೇಳಿಲ್ವಾ? ನಮ್ಮಿಬ್ಬರಿಗೂ ಲಗ್ನಪತ್ರಿಕೆ ಆಗಿತ್ತು. ಓದಬೇಕು ಅಂತ ನಾನೇ ಬೇಡ ಅಂದೆ. ಸಾರಿ ವೀಣ, ಗೊತ್ತಿದೆ ಅಂದ್ಕೊಂಡೆ."

ನಲ್ಲಿಯ ನೀರು ಹರಿಯುತ್ತಲೇ ಇತ್ತು.

ಎರಡನೇ ವಿಮಾನದಲ್ಲಿ ರಘುನಂದನ ಹೊನ್ನಪ್ಪನವರನ್ನು ಬೇಡಿಕೊಂಡು ಹೆಂಡತಿಯ ಪಕ್ಕ ಬಂದು ಕೂತ. ವೀಣ ಕಣ್ಣು ಮುಚ್ಚಿಕೊಂಡಳು. ಅವನು ಕಂಬಳಿ ಹೊದಿಸಿದ. ಅವಳು ಒದ್ದಳು. ಮತ್ತೆ ಹೊದಿಸಿದ. ಮತ್ತೆ ಒದ್ದಳು.

'ಬೇರೆಯವಳ ಕೊರಳಿಗೆ ಅಂತ ಮಾಡಿದ್ದನ್ನ ದಿನಾ ಬೆಳಗ್ಗೆ ಕಣ್ಣಿಗೊತ್ಕೊಂಡೆನಲ್ಲ... ಅವಳು ಬೇಡ ಅಂದಳು, ಮಿಕ್ಕಿದ್ದು ನನಗೆ ಬಂತು. ತಾಳಿನೂ... ಗಂಡನೂ...'

ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯಿತು.

ಬೆಳಗ್ಗೆ ಮಿಲಾನ್‌ನಲ್ಲಿ ಇಳಿದರೆ ಪಾಸ್‌ಪೋರ್ಟ್ ತೋರಿಸಲು ಮೈಲುದ್ದದ ಸಾಲು. ಮನೆ ಬಿಟ್ಟು ದಿನವೇ ಕಳೆದಿತ್ತು. ಮೈಯಲ್ಲಿ ಕಸುವಿರಲಿಲ್ಲ. ಇನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

"ನಿಜ ಯೋಳ್ಬುಡಿ. ಈ ತಾಳಿ ಯಾರಿಗೆ ಮಾಡಿದ್ದು?"

ರಘುನಂದನನ ಮುಖ ಬಿಳಿಚಿತು. "ಸುನಿತಾ ಯೋಳುದ್ರಾ?"

"ಯಾರಾದ್ರೂ ಯೋಳ್ಲಿ. ಅವಳ ತಾಳಿ ಏನಾಯ್ತು?"

"ಕರಗಿಸ್ದೆ. ನಿನ್ ತಾಳೀಲಿರೋ ಚಿನ್ನ ಅದೇಯ."

"ಒಂದು ಸುಳ್ಳು ಹೇಳಕ್ಕೂ ಬರಾಕಿಲ್ವಾ ನಿಮ್ಗೆ!" ವೀಣ ಕೈಯಲ್ಲಿದ್ದ ಬ್ಯಾಗನ್ನು ನೆಲಕ್ಕೆ ಕುಕ್ಕಿದಳು. "ಅವಳು ಬ್ಯಾಡ ಅಂದಾಗ ಬೇಜಾರಾಯ್ತಾ?"

"ಆಯ್ತು. ಹದಿನೈದು ದಿನ ಅಂಗಡಿ ಬಾಗ್ಲೇ ತೆಗೀಲಿಲ್ಲ."

ಅವಳು ಮುಖ ತಿರುಗಿಸಿಕೊಂಡಳು. ಸಾಲು ಎರಡು ಹೆಜ್ಜೆ ಮುಂದೆ ಹೋಯಿತು.

"ಪೂರ್ತಿ ಕೇಳ್ಸ್ಕೋ ಕಣಮ್ಮಿ. ಅವಳ ಮನೇಗೆ ನೋಡಕ್ಕೋದಾಗ ಎಲ್ರೂ ಅವಳನ್ನ ಹೊಗಳಿದ್ದೇ ಹೊಗಳಿದ್ದು. ನಾನೂ ಸೈ ಅಂದೆ. ಆಮೇಲೆ ನಾಗಮಂಗಲಕ್ಕೆ ನಿನ್ನ ನೋಡಕ್ಕೆ ಬಂದಾಗ, ನೀನು ಉಪ್ಪಿಟ್ಟು ಕೊಟ್ಟು, 'ಉಪ್ಪು ಕಮ್ಮಿ ಬಿದ್ದದೆ, ಸುಮ್ನೆ ಚೆನ್ನಾಗದೆ ಅನ್ಬೇಡಿ' ಅಂದೆ. ಅವತ್ತೇ ನಂಗೆ... ಏನೋ ಆಗೋಯ್ತು."

"ಏನಾಯ್ತು?"

"ಕೈ ನಡುಗೋಕೆ ಶುರುವಾಯ್ತು! ಅವಳ ತಾಳಿ ಒಂದೇ ಮಧ್ಯಾಹ್ನಕ್ಕೆ ಮುಗಿಸಿದ್ದೆ, ಪಕ್ಕದ ಅಂಗಡಿಯೋರ ಹತ್ರ ಮಾತಾಡ್ಕಂಡು. ನಿಂದಕ್ಕೆ ಹನ್ನೊಂದು ದಿನ. ಮೂರು ಸಲ ಮಾಡಿ ಮೂರು ಸಲ ಕರಗಿಸ್ದೆ. 'ಹುಚ್ಚು ಹಿಡೀತೇನ್ಲಾ' ಅಂತ ಅಪ್ಪ ಬೈದ್ರು."

"ಯಾಕೆ? ಡಿಸೈನು ಅದೇ ಅಲ್ವಾ?"

"ಡಿಸೈನು ನಮ್ ಮನೆತನದ್ದು, ಬದಲಾಯಿಸಂಗಿಲ್ಲ. ತಿರುಗಿಸಿ, ಹಿಂದ್ಗಡೆ ಬೆರಳಾಡ್ಸು."

ವೀಣ ಒಲ್ಲದ ಮನಸ್ಸಿನಿಂದ ತಾಳಿ ಹೊರಗೆ ತೆಗೆದಳು. ಬೆರಳಾಡಿಸಿದಳು. ಮುಂಭಾಗದಲ್ಲಿ ಕೆತ್ತನೆ ಕೈಗೆ ತಗಲುತ್ತಿತ್ತು. ಹಿಂಭಾಗ ಮಾತ್ರ ಬೆಣ್ಣೆ ಸವರಿದಷ್ಟು ನುಣುಪು. ಅಂಚಿನಲ್ಲೂ ಒಂದಿಷ್ಟು ಒರಟಿಲ್ಲ.

"ಮುಂದೆ ಹೊಳಪು ಎಲ್ರಿಗೂ ಕೊಡ್ತೀವಿ, ಜನ ನೋಡ್ತಾರಲ್ಲ. ಹಿಂದ್ಗಡೆ ಯಾರೂ ನೋಡಾಕಿಲ್ಲ." ಅವನ ದನಿ ಸಣ್ಣದಾಯಿತು. "ಆದ್ರೆ ನಿಂಗೆ ತಗಲೋದು ಅದೇ ಅಲ್ವಾ? ತರಚ್ಬಾರದು ಅಂತ."

ವೀಣಳ ಕಣ್ಣು ತುಂಬಿತು. ಆದರೂ ಕೇಳದೆ ಬಿಡುವವಳಲ್ಲ ಅವಳು.

"ಅವಳದ್ದು? ಅವಳದ್ದಕ್ಕೆ ಹಿಂದ್ಗಡೆ?"

"ಅರದಲ್ಲಿ ಎರಡು ಸಲ ಉಜ್ಜಿ ಬುಟ್ಟಿದ್ದೆ."

"ಸದ್ಯ!" ಎಂದಳು. ಅಳುವೂ ನಗುವೂ ಒಟ್ಟಿಗೇ ಬಂದವು. "ಮತ್ತೆ ಅವಳ ಹತ್ರ ಅಷ್ಟೊತ್ತು ಏನು ಮಾತು?"

"ಒಡವೆ ಮಾಡೋ ಮಿಷಿನ್ನಿನ ಮಾತು. ಕೆಲಸದ ಮಾತಾದ್ರೆ ಯಾರ ಹತ್ರನೂ ಆಡ್ತೀನಿ. ನಿನ್ ಮುಂದೆ ಬಂದ್ರೆ ಬಾಯಿ ಕಟ್ತದೆ. ತಪ್ಪಾಯ್ತು ಕಣಮ್ಮಿ, ಲಗ್ನಪತ್ರಿಕೆ ವಿಷ್ಯ ನಾನೇ ಯೋಳ್ಬೇಕಿತ್ತು."

"ತಪ್ಪೇ. ದಂಡ ಕಟ್ಟಿ. ನಾನು ಅಂದ್ರೆ ಏನು ಅಂತ ಬಾಯ್ಬಿಟ್ಟು ಹೇಳಿ."

"ಇಲ್ಲೇನಾ? ಇಷ್ಟು ಜನದ ಮುಂದೆ?"

"ಇಲ್ಲಿ ಯಾರಿಗೆ ಕನ್ನಡ ಬರ್ತದೆ?"

"ಹಿಂದ್ಗಡೆ ನಮ್ ಸಂಘದೋರೆಲ್ಲ ನಿಂತವ್ರೆ!"

"ನಿಂತ್ಕೊಳ್ಲಿ."

ರಘುನಂದನ ಕತ್ತಿನ ಬೆವರು ಒರೆಸಿಕೊಂಡ. ಊದಿಕೊಂಡಿದ್ದ ಅವಳ ಕೈಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡ.

"ನೀನಂದ್ರೆ ನಂಗೆ ಪ್ರಾಣ ಕಣೇ..."

"ಏನಂದೆ ಲಾ?" ಹಿಂದಿನಿಂದ ಹೊನ್ನಪ್ಪನವರು ಕಿವಿಗೆ ಕೈ ಹಚ್ಚಿದರು. "ಕೇಳಿಸ್ಲಿಲ್ಲ!"

ಅವರ ಹಿಂದೆಯೇ ಸುನಿತಾ ನಿಂತಿದ್ದಳು. ವೀಣ ಅದನ್ನು ನೋಡಿದಳು. ನೋಡಿಯೇ ಗಂಡನತ್ತ ತಿರುಗಿದಳು.

"ಪಾಪ, ಅಜ್ಜಂಗೆ ಕೇಳಿಸ್ಲಿಲ್ವಂತೆ. ಇನ್ನೊಂದ್ಸಲ ಹೇಳಿ... ಜೋರಾಗಿ."