ನಂಬದೆ ಎಸೆದ ಹದಿನಾರು ಸಂದೇಶಗಳು

"ನನ್ನನ್ನ ಮದುವೆ ಆಗ್ತೀರಾ?" ಎಂದು ಅವಳು ಕೇಳಿದಾಗ ಅವನು ನಕ್ಕುಬಿಟ್ಟಿದ್ದ.

ನಗಬಾರದಿತ್ತು. ಎರಡು ವರ್ಷದಿಂದ ಯಾವ ಮಾತಿಗಾಗಿ ಬಾಯಿ ಬಿಡದೆ ಕಾದಿದ್ದನೋ ಅದೇ ಮಾತನ್ನು ಅವಳು ಹಾಡಹಗಲಲ್ಲಿ, ಕೋಳಿಮರಿ ಶೆಡ್ಡಿನ ಬಾಗಿಲಲ್ಲಿ, ಮೂವತ್ತು ಮೊಟ್ಟೆಯ ಟ್ರೇ ಹಿಡಿದುಕೊಂಡೇ ಕೇಳಿದ್ದಳು. ಅವನು ಸ್ಟೂಲಿನ ಮೇಲೆ ನಿಂತು ಮೊಟ್ಟೆಗೆ ಶಾಖ ಕೊಡುವ ಕಾವುಪೆಟ್ಟಿಗೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಎಲೆಕ್ಟ್ರಾನಿಕ್ ಬೋರ್ಡೊಂದನ್ನು ಬಿಚ್ಚಿ ಮತ್ತೆ ಕೂರಿಸುತ್ತಿದ್ದ. "ನೀವು ಬಿಡಿ, ತಮಾಷೆ ಮಾಡೋದ್ರಲ್ಲಿ ಎತ್ತಿದ ಕೈ. ಆ ಸ್ಕ್ರೂಡ್ರೈವರ್ ಕೊಡ್ತೀರಾ?" ಎಂದ. ಅವಳು ಸ್ಕ್ರೂಡ್ರೈವರ್ ಕೊಟ್ಟಳು. ಅಲ್ಲಿಂದಾಚೆ ಎರಡು ವಾರ ಕೆಲಸಕ್ಕೆ ಬೇಕಾದಷ್ಟು ಮಾತು ಬಿಟ್ಟರೆ ಬೇರೇನೂ ಕೊಡಲಿಲ್ಲ.

ಪಾಪ, ಅವನ ಜಾಯಮಾನವೇ ಹಾಗೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಬಿಡುವಾದರೆ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡುಗಳ ಹುಚ್ಚು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಗಾಜನ್ನೂ ಪಕ್ಕಕ್ಕಿಡುವ ಕೈ ಅವನದು. ಇಷ್ಟು ದೊಡ್ಡ ಸುಖ ತನ್ನ ವಿಳಾಸ ಹುಡುಕಿಕೊಂಡು ಬಂದಿದ್ದರೆ ಎಲ್ಲೋ ತಪ್ಪಾಗಿರಬೇಕು ಎಂದೇ ಅವನ ಲೆಕ್ಕ.

ಮೊನ್ನೆ ಶುಕ್ರವಾರ ಅವಳ ಚಿಕ್ಕಮ್ಮ ಫ್ರೇಮ್ ಬಿಗಿ ಮಾಡಿಸಲು ಅಂಗಡಿಗೆ ಬಂದಿದ್ದರು. "ನಮ್ಮ ಹುಡುಗಿಗೆ ಒಂದು ಸಂಬಂಧ ಬಂದಿದೆ ಕಣಪ್ಪ. ಭಾನುವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳು ಅಂದಿದ್ದೀನಿ. ಈ ಸಲ ಒಪ್ಪೋ ಹಾಗೆ ಕಾಣ್ತಾಳೆ" ಎಂದರು. ಅವನು ಬಿಗಿ ಮಾಡಿದ ರಭಸಕ್ಕೆ ಸ್ಕ್ರೂ ತುಂಡಾಯಿತು. ಹೊಸದು ಹಾಕಿಕೊಟ್ಟ. ಬಾಯಿಗೆ ಮಾತ್ರ ಬೀಗವೇ.

ಭಾನುವಾರ ಮಧ್ಯಾಹ್ನ ಅವಳ ಫೋನ್ ಬಂತು.

"ನಿಮ್ಮ ಬೋರ್ಡ್ ಮೂವತ್ತೇಳೂವರೆ ಡಿಗ್ರಿ ಅಂತಿದೆ. ಪೆಟ್ಟಿಗೆ ಒಳಗೆ ಮೊಟ್ಟೆ ಬೇಯ್ತಾ ಇದೆ. ಬನ್ನಿ."

ಚಪ್ಪಲಿ ಯಾವುದು ಎಡ, ಯಾವುದು ಬಲ ಎಂದು ನೋಡದೆ ಓಡಿದ.

ಅವನು ಮಾಡಿಕೊಟ್ಟಿದ್ದ ಏರ್ಪಾಟು ಸರಳ. ಕಾವುಪೆಟ್ಟಿಗೆಯ ಬೋರ್ಡ್ ಐದು ನಿಮಿಷಕ್ಕೊಮ್ಮೆ ಒಳಗಿನ ಶಾಖದ ಅಂಕಿಯನ್ನು ತಂತಿಯಿಲ್ಲದೆ ಕಳಿಸುತ್ತಿತ್ತು. ಶೆಡ್ಡಿನ ಮುಂದೆಯೇ ಇದ್ದ ಅವಳ ಕೋಳಿಮೇವಿನ ಅಂಗಡಿಯಲ್ಲಿ, ಮೇಜಿನ ಮೇಲಿದ್ದ ಇನ್ನೊಂದು ಬೋರ್ಡ್ ಅದನ್ನು ತೋರಿಸುತ್ತಿತ್ತು. ಆದರೆ ನೀರಿನ ಮೋಟಾರ್ ಶುರುವಾದರೆ ಸಾಕು, ದಾರಿಯಲ್ಲೇ ಅಂಕಿ ಕೆಡುತ್ತಿತ್ತು. ಶೆಡ್ಡಿನಿಂದ ಹೊರಟ ಮೂವತ್ತೇಳು ಅಂಗಡಿಗೆ ಬರುವಷ್ಟರಲ್ಲಿ ನೂರ ಅರವತ್ತೈದು. "ಇಷ್ಟು ಕಾವಿಗೆ ಮರಿ ಬರಲ್ಲ ರೀ, ಆಮ್ಲೆಟ್ ಬರುತ್ತೆ" ಎಂದು, ಮದುವೆಯ ಮಾತೆತ್ತುವ ಮೊದಲೊಮ್ಮೆ, ಅವಳು ನಕ್ಕಿದ್ದಳು. ಅದಕ್ಕೆ ಅವನು ಒಂದು ಸುಲಭದ ಉಪಾಯ ಮಾಡಿದ. ಮೂವತ್ತಾರರಿಂದ ಮೂವತ್ತೊಂಬತ್ತರೊಳಗಿನ ಅಂಕಿ ಬಂದರೆ ನಂಬು, ಉಳಿದದ್ದನ್ನು ಎಸೆದು ಹಳೆಯದನ್ನೇ ತೋರಿಸುತ್ತಿರು ಎಂದು ಅಂಗಡಿಯ ಬೋರ್ಡಿಗೆ ಹೇಳಿಕೊಟ್ಟ.

ಅವನು ಬರುವಷ್ಟರಲ್ಲಿ ಅವಳು ಹೀಟರ್ ಆರಿಸಿ ಪೆಟ್ಟಿಗೆಯ ಎರಡೂ ಬಾಗಿಲು ತೆರೆದಿಟ್ಟಿದ್ದಳು. ಥರ್ಮೋಸ್ಟಾಟ್ ಅಂಟಿಕೊಂಡು ಹೀಟರ್ ಒಂದೇ ಸಮ ಉರಿದಿತ್ತು. ಅವಳ ಹಣೆಯ ಮೇಲೆ ಬೆವರು, ಕೆನ್ನೆಯ ಮೇಲೊಂದು ಪುಕ್ಕ. ಇಂಥ ಹೊತ್ತಿನಲ್ಲೂ ಆ ಪುಕ್ಕದ ಮೇಲೆ ಅವನ ಕಣ್ಣು ಹೋಯಿತು ಎಂಬುದನ್ನು ಮುಚ್ಚಿಡುವುದು ಬೇಡ.

"ನಿಮಗೆ ಹೇಗೆ ಗೊತ್ತಾಯ್ತು?"

"ಮೊಟ್ಟೆ ತಿರುಗಿಸೋಕೆ ಬಂದೆ. ಒಂದನ್ನ ಎತ್ತಿ ಕಣ್ಣಿನ ರೆಪ್ಪೆಗೆ ಇಟ್ಕೊಂಡೆ. ಸುಡ್ತು." ಅವಳು ಪೆಟ್ಟಿಗೆಯತ್ತ ತಿರುಗಿದಳು. "ಇನ್ನೂರ ನಲವತ್ತು ಜೀವ ಇದೆ ಒಳಗೆ."

ಶೆಡ್ಡಿನ ಕತ್ತಲೆ ಮೂಲೆಯಲ್ಲಿ ಕೂತು ಇಬ್ಬರೂ ಮೊಟ್ಟೆಗಳನ್ನು ಬೆಳಕಿಗೆ ಹಿಡಿದರು. ಅವನು ಫೋನಿನ ಟಾರ್ಚ್ ಒತ್ತಿ ಹಿಡಿದ, ಅವಳು ಅದರ ಮೇಲೆ ಮೊಟ್ಟೆ ಇಟ್ಟಳು. ಚಿಪ್ಪೆಲ್ಲ ಕೆಂಪಾಯಿತು. ಒಳಗೆ ಒಂದು ಕಪ್ಪು ನೆರಳು. ಅಲುಗಲಿಲ್ಲ. ಅವಳು ಅವನ ಮಣಿಕಟ್ಟನ್ನು ಹಿಡಿದುಕೊಂಡಳು.

ನೆರಳು ಒಮ್ಮೆ ಹೊರಳಿ ಕಾಲು ಝಾಡಿಸಿತು.

ಇಬ್ಬರಿಗೂ ಹೋದ ಜೀವ ಬಂದಂತಾಯಿತು. ಎರಡನೆಯದೂ ಅಲುಗಿತು, ಮೂರನೆಯದೂ. ಒಂದು ಟ್ರೇ ಮುಗಿಯುವ ಹೊತ್ತಿಗೆ ಅವಳು ಅಳುತ್ತಾ ನಗುತ್ತಿದ್ದಳು. ಹಿಡಿದ ಮಣಿಕಟ್ಟು ಬಿಡುವುದನ್ನು ಮರೆತಿದ್ದಳು, ಅವನೂ ನೆನಪಿಸಲಿಲ್ಲ.

ಬೇರೆ ಥರ್ಮೋಸ್ಟಾಟ್ ಹಾಕಿ, ಕಾವು ಹದಕ್ಕೆ ಬಂದ ಮೇಲೆ ಅವನು ಅಂಗಡಿಯ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದ. ಆ ದಿನ ಬೋರ್ಡ್ ಎಸೆದ ಸಂದೇಶಗಳ ಪಟ್ಟಿ ಅದರಲ್ಲಿತ್ತು. ಮೂವತ್ತೊಂಬತ್ತು ಪಾಯಿಂಟ್ ನಾಲ್ಕು. ನಲವತ್ತು ಪಾಯಿಂಟ್ ಒಂದು. ನಲವತ್ತು ಪಾಯಿಂಟ್ ಆರು. ಒಟ್ಟು ಹದಿನಾರು.

"ಇವೆಲ್ಲ ನಿಜಾನೇ ಹೇಳ್ತಿದ್ವು" ಎಂದ, ಮುಖ ಸಣ್ಣಗೆ ಮಾಡಿಕೊಂಡು. "ಒಂದೂ ದಾರೀಲಿ ಕೆಟ್ಟಿರಲಿಲ್ಲ. ಹೀಗೆ ಆಗೋಕೆ ಸಾಧ್ಯ ಇಲ್ಲ ಅಂತ ನಾನೇ ಮೊದಲೇ ತೀರ್ಮಾನ ಮಾಡ್ಬಿಟ್ಟಿದ್ದೆ."

ಅವಳು ಅವನ ಪಕ್ಕ ಕುರ್ಚಿ ಎಳೆದುಕೊಂಡಳು. "ಈಗೇನು ಮಾಡ್ತೀರಿ?"

"ಪ್ರತಿ ಸಂದೇಶದ ಕೊನೆಗೆ ಒಂದು ತಾಳೆ ಅಂಕಿ ಸೇರಿಸ್ತೀನಿ. ಮೇವಿನ ಚೀಟಿ ಕೆಳಗೆ ಒಟ್ಟು ಬರೀತೀರಲ್ಲ, ಹಾಗೆ. ಇಲ್ಲಿ ಮತ್ತೆ ಕೂಡಿ ನೋಡೋದು. ತಾಳೆ ಆದ್ರೆ, ಅಂಕಿ ಎಷ್ಟೇ ವಿಚಿತ್ರ ಆಗಿರ್ಲಿ, ನಂಬೋದು."

"ಎರಡು ಅಂಕಿ ಜಾಗ ಬದಲಾಯಿಸ್ಕೊಂಡು ಬಂದ್ರೆ? ಆಗ್ಲೂ ಒಟ್ಟು ಅಷ್ಟೇ ಇರುತ್ತಲ್ಲ."

ಅವನು ತಲೆಯೆತ್ತಿ ನೋಡಿದ. ಅವಳು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಪುಕ್ಕ ಇನ್ನೂ ಅಲ್ಲೇ ಇತ್ತು.

"ಹೌದು. ಅದಕ್ಕೆ ಒಂದೊಂದನ್ನೂ ಅದರ ಜಾಗದಿಂದ ಗುಣಿಸಿ ಕೂಡ್ಬೇಕು. ಮೊದಲನೇದು ಒಂದರಿಂದ, ಎರಡನೇದು ಎರಡರಿಂದ. ಆಗ ಜಾಗ ಬದಲಾದ್ರೂ ಸಿಕ್ಕಿಬೀಳುತ್ತೆ."

"ತಾಳೆ ಆಗದೇ ಇದ್ರೆ? ಮತ್ತೆ ಎಸೀತೀರಾ?"

"ಇಲ್ಲ. ಇನ್ನೊಂದು ಸಲ ಕಳಿಸು ಅಂತ ಕೇಳುತ್ತೆ."

"ಪರವಾಗಿಲ್ವೇ. ಎರಡು ವಾರದ ಹಿಂದೆ ಈ ಬುದ್ಧಿ ಎಲ್ಲಿಗೆ ಹೋಗಿತ್ತು?"

ಕೀಬೋರ್ಡಿನ ಮೇಲೆ ಅವನ ಬೆರಳು ನಿಂತವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಇವನಿಗೆ ಕನ್ನಡಿಯ ಜೊತೆಗೆ ಹದಿನಾರು ಸಾಕ್ಷಿಗಳೂ ಬೇಕಾಗಿದ್ದವು.

"ಆವತ್ತು ಬಾಗಿಲಲ್ಲಿ ನೀವು ಕೇಳಿದ್ದು ತಮಾಷೆಗಲ್ಲ, ಅಲ್ವಾ?"

"ಮೂವತ್ತು ಮೊಟ್ಟೆ ಕೈಲಿ ಹಿಡ್ಕೊಂಡು ಯಾರ್ರೀ ತಮಾಷೆ ಮಾಡ್ತಾರೆ? ಕೈ ನಡುಗಿದ್ರೆ ನಷ್ಟ ನನಗೇ."

"ಇನ್ನೊಂದು ಸಲ ಕೇಳ್ತೀರಾ?"

"ಕೇಳಲ್ಲ. ನಾನು ಕಳಿಸಿದ್ದು ಸರಿಯಾಗೇ ಇತ್ತು. ಎಸೆದೋರು ನೀವು. ಈಗ ಹೇಳೋ ಸರದಿ ನಿಮ್ಮದು." ಮಾತು ಖಾರವಾಗಿತ್ತು, ಕಣ್ಣು ಮಾತ್ರ ಅವನ ಮುಖ ಬಿಟ್ಟು ಅಲುಗಲಿಲ್ಲ. ಎರಡು ವಾರ ತಡೆದಿಟ್ಟ ನೋವೆಲ್ಲ ಆ ಕಣ್ಣಲ್ಲಿತ್ತು.

ಅವನು ಹೇಳಿದ. ತೊದಲಿದ, ನೆಲ ನೋಡಿದ, ಆದರೂ ಹೇಳಿದ. "ನೀವಂದ್ರೆ ನನಗೆ ಪ್ರಾಣ. ಎರಡು ವರ್ಷದಿಂದ. ಇದನ್ನ ಹೇಳೋ ಯೋಗ್ಯತೆ ನನಗಿಲ್ಲ ಅಂದ್ಕೊಂಡಿದ್ದೆ. ಆವತ್ತು ನಕ್ಕಿದ್ದು ನಿಮ್ಮನ್ನ ನೋಡಿ ಅಲ್ಲ. ಭಯ ಆಗಿತ್ತು."

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಮೇಲೆ ಅವಳ ಫೋನ್ ಕುಣಿಯಿತು. ಚಿಕ್ಕಮ್ಮ. ಅವಳು ಸ್ಪೀಕರ್ ಒತ್ತಿದಳು.

"ಏನೇ ತೀರ್ಮಾನ ಮಾಡ್ದೆ? ಆ ಕಡೆಯೋರು ಕಾಯ್ತಿದ್ದಾರೆ."

"ಬೇಡ ಅಂತ ಹೇಳ್ಬಿಡಿ ಚಿಕ್ಕಮ್ಮ. ಯಾಕೆ ಅಂತ ಇವರು ಹೇಳ್ತಾರೆ." ಫೋನನ್ನು ಅವನ ಮುಂದಕ್ಕೆ ತಳ್ಳಿ ಕೈಕಟ್ಟಿ ಕೂತಳು.

ಅವನು ಫೋನಿನ ಕಡೆ ಬಾಗಿದ. "ಚಿಕ್ಕಮ್ಮ, ನಾನು ಕನ್ನಡಕದ ಅಂಗಡಿಯೋನು. ನಾನು ಇವರನ್ನ ಮದುವೆ ಆಗ್ಬೇಕು ಅಂತಿದ್ದೀನಿ."

ಆ ಕಡೆಯಿಂದ ಚಿಕ್ಕಮ್ಮ, "ಏನಂದೆ? ಇನ್ನೊಂದ್ಸಲ ಹೇಳಪ್ಪ."

"ಇವರನ್ನ ಮದುವೆ ಆಗ್ಬೇಕು ಅಂತಿದ್ದೀನಿ."

"ಮೊದಲನೇ ಸಲಾನೇ ಕೇಳಿಸ್ತು. ಆದ್ರೆ ಶುಕ್ರವಾರ ಅಷ್ಟು ಬಾಯಿಬಿಡಿಸೋಕೆ ನೋಡಿದ್ರೂ ತುಟಿ ಬಿಚ್ಚದವನು ನೀನು. ನನಗೆ ಖಾತ್ರಿ ಬೇಕು. ಇನ್ನೊಂದ್ಸಲ, ಜೋರಾಗಿ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆ ನಗುವನ್ನು ನೋಡುತ್ತಲೇ ಅವನು ಎದ್ದು ನಿಂತ. ಮೇವು ಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳಿಗೂ ಕೇಳುವಂತೆ, ಒಂದಕ್ಷರವೂ ತೊದಲದೆ ಹೇಳಿದ:

"ನಾನು ಇವಳನ್ನ ಮದುವೆ ಆಗ್ತೀನಿ."

ಎರಡು ವರ್ಷದ 'ನೀವು', 'ಇವರು' ಯಾವಾಗ ಕಳಚಿಬಿದ್ದವೋ ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ತಿದ್ದಲು ಹೋಗಲಿಲ್ಲ.