ಆಟದ ಮೊದಲ ಪರದೆಯಲ್ಲಿ ಅವನ ಹೆಸರು

"ನಿಮ್ಮನೇಲಿ ಯಾರೂ ಬುದ್ಧಿ ಕಲಿಸಲಿಲ್ವಾ ನಿಂಗೆ?"

ಅಶಾಬಿ ಕೇಳಿದ ರಭಸಕ್ಕೆ ಕಂಪ್ಯೂಟರ್ ಕೇಂದ್ರದಲ್ಲಿ ಕೂತಿದ್ದವರೆಲ್ಲ ತಲೆಯೆತ್ತಿ ನೋಡಿದರು.

ಅವಳಿಗೆ ಸುಮ್ಮಸುಮ್ಮನೆ ಸಿಟ್ಟು ಬಂದಿರಲಿಲ್ಲ. ಎದುರಿಗೆ ನಿಂತಿದ್ದ ಹುಡುಗ ಅವಳ ಮೊಬೈಲನ್ನು ಎಡಗೈಯಲ್ಲಿ ಚಾಚಿದ್ದ. ನಮ್ಮೂರು ಅಬೆಯೊಕುಟದಲ್ಲಿ ಮಕ್ಕಳು ಮಾತು ಕಲಿಯುವ ಮೊದಲೇ ಎಡಗೈಯಲ್ಲಿ ಏನನ್ನೂ ಕೊಡಬಾರದೆಂದು ಏಟು ತಿಂದು ಕಲಿತಿರುತ್ತಾರೆ. ಇವನೋ ಹದಿನೆಂಟರ ಹುಡುಗ, ಮೀಸೆ ಬೇರೆ ಚಿಗುರಿದೆ... ಅದೂ ಇಷ್ಟು ಜನರ ಎದುರಿಗೆ!

ಅಷ್ಟಕ್ಕೂ ಅದಕ್ಕೆ ಮೊದಲೇ ಅವಳ ಹೊಟ್ಟೆ ಉರಿದಿತ್ತು. ಕೇಂದ್ರದಲ್ಲಿ ಶನಿವಾರ ಶನಿವಾರ ಒಬ್ಬರು ಕಟ್ಟಿದ ಮೊಬೈಲ್ ಆಟವನ್ನು ಇನ್ನೊಬ್ಬರು ಆಡಿ ನೋಡುತ್ತಿದ್ದರು. ಆಟ ಕಟ್ಟಿದವರು ಆಡುವವರ ಹಿಂದೆ ಕೂರಬೇಕು, ಏನೇ ಆದರೂ ಬಾಯಿ ಬಿಡಬಾರದು. ಅದು ಅಲ್ಲಿನ ನಿಯಮ. ಅಶಾಬಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಈ ಹುಡುಗ ಮೊಬೈಲನ್ನು ಮೇಜಿನ ಮೇಲೆ ಮಲಗಿಸಿ, ಒಂದೇ ಬೆರಳಲ್ಲಿ ಅಲ್ಲಿ ಇಲ್ಲಿ ಕುಟ್ಟಿ, ಅವಳು ಒಂದು ವರ್ಷ ಕೂತು ಕಟ್ಟಿದ ಆಟವನ್ನು ಮೊದಲ ಹಂತದಲ್ಲೇ ಹಾಳುಗೆಡವಿದ್ದ.

ಅವಳ ಆಟ ಅವಳ ಅಮ್ಮನ ಕೆಲಸದ್ದೇ. ಬಿಳಿ ಬಟ್ಟೆಯನ್ನು ಮಡಚಬೇಕು, ನಾರಿನಿಂದ ಬಿಗಿದು ಗಂಟು ಹಾಕಬೇಕು, ನೀಲಿ ಬಣ್ಣದ ಮಡಕೆಯಲ್ಲಿ ಅದ್ದಬೇಕು. ಬಿಚ್ಚಿದಾಗ ಕೇಳಿದ ಚಿತ್ತಾರವೇ ಮೂಡಿದರೆ ಗೆದ್ದ ಹಾಗೆ. ಒಂದು ಹೆಬ್ಬೆರಳು ಬಟ್ಟೆ ಹಿಡಿಯಬೇಕು, ಇನ್ನೊಂದು ಗಂಟು ಹಾಕಬೇಕು. ಇವನು ಹಿಡಿಯಲೇ ಇಲ್ಲವಲ್ಲ, ಬೇಕೆಂದೇ ಅಣಕಿಸುತ್ತಿದ್ದಾನೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಹುಡುಗ ಮೊಬೈಲನ್ನು ಕೆಳಗಿಟ್ಟ. ಅದೇ ಎಡಗೈಯಿಂದ ತನ್ನ ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ಎತ್ತಿ ಮೇಜಿನ ಮೇಲೆ ಇಟ್ಟ. ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ಬಿದ್ದಿದ್ದವು.

"ಇದರಲ್ಲಿ ಕೊಡ್ಲಾ? ಚಿಕ್ಕವನಾಗಿದ್ದಾಗಿಂದ ಇದನ್ನ ಎಬ್ಬಿಸ್ತಾ ಇದೀನಿ, ಏಳ್ತಾ ಇಲ್ಲ."

ಅಶಾಬಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಅವನು ಹೊರನಡೆದ ಮೇಲೆ, ಅವನ ಹೆಸರು ಫೆಲಿಕ್ಸ್ ಎಂದು ಯಾರೋ ಹೇಳಿದರು. ಅವಳು ಕ್ಷಮೆ ಕೇಳಲು ಹೊರಗೆ ಓಡಿದಳು. ಅವನು ಮೆಟ್ಟಿಲ ಮೇಲೆ ಕೂತು ಹುರಿದ ಕಡಲೆಕಾಯಿಯನ್ನು ಒಂದೇ ಕೈಯಲ್ಲಿ ಸುಲಿಯುತ್ತಿದ್ದ. ಎಡಗೈ ಚಾಚುವಾಗೆಲ್ಲ ಊರಿಗೆಲ್ಲ ಕ್ಷಮೆ ಕೇಳಿ ಕೇಳಿ ನನಗೂ ಸಾಕಾಗಿದೆ, ನೀನಾದರೂ ಕೇಳಬೇಡ ಎಂದ. ಆಮೇಲೆ ಆಟದ ಬಗ್ಗೆ ಎರಡು ಮಾತು ಹೇಳಿದ. ನಿನ್ನ ನೀಲಿ ಬಹಳ ಬೇಗ ಹಿಡಿಯುತ್ತದೆ, ನಿಜವಾದ ಬಟ್ಟೆ ಮಡಕೆಯಿಂದ ಹೊರಬಂದಾಗ ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲಷ್ಟೇ ನೀಲಿ ತಿರುಗುವುದು, ಆ ಹಸಿರು ಎಲ್ಲಿ?

ಬಣ್ಣ ಹಾಕುವವಳ ಮಗಳಿಗೆ ಬಣ್ಣದ ಪಾಠ! ಅವಳು ನಕ್ಕುಬಿಟ್ಟಳು. ಹೃದಯ ಜಾರಿದ್ದು ಅಲ್ಲಿಯೇ ಇರಬೇಕು, ಅವಳಿಗೆ ಗೊತ್ತಾಗಿದ್ದು ಮಾತ್ರ ತಡವಾಗಿ.

ಅವಳು ಆಟವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಕರೆಂಟು ಹೋದರೆ ಪಕ್ಕದ ಕ್ಷೌರದಂಗಡಿಯ ಜನರೇಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಕೂರುತ್ತಿದ್ದಳು. ಒಂದೇ ಬೆರಳು ಬಟ್ಟೆಯನ್ನು ಒತ್ತಿ ಎಳೆದರೆ ಮಡಿಕೆ, ಸುತ್ತು ಹಾಕಿದರೆ ಗಂಟು. ಶನಿವಾರ ಅವನು ಆಡುತ್ತಿದ್ದ, ಅವಳು ಹಿಂದೆ ಬಾಯಿ ಮುಚ್ಚಿ ಕೂರುತ್ತಿದ್ದಳು. ಅವನ ಕುತ್ತಿಗೆಯ ಹಿಂಭಾಗ, ತಪ್ಪಾದಾಗ ಅವನು ನಾಲಿಗೆ ಕಚ್ಚಿಕೊಳ್ಳುವುದು, ಗೆದ್ದಾಗ ಹಿಂತಿರುಗಿ ನೋಡದೆ ಭುಜ ಮಾತ್ರ ಕುಣಿಸುವುದು... ಹುಡುಗಿ ಆಟವನ್ನು ಎಷ್ಟು ನೋಡಿದಳೋ ದೇವರಿಗೇ ಗೊತ್ತು.

ಒಂದು ಶನಿವಾರ ಅವನು ಬರಲಿಲ್ಲ. ಮುಂದಿನ ವಾರ ಬಂದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು. ಅಶಾಬಿಗೆ ಯಾರೂ ಹೇಳಬೇಕಿರಲಿಲ್ಲ. ಆ ಹಳದಿಯನ್ನು ಅವಳು ತನ್ನ ಮನೆಯಲ್ಲೇ ಕಂಡಿದ್ದಳು, ಆರು ವರ್ಷಕ್ಕೇ ಹೋಗಿಬಿಟ್ಟ ಅಣ್ಣನ ಕಣ್ಣಲ್ಲಿ.

"ಎಸ್‌ಎಸ್?" ಎಂದು ಮೆಲ್ಲಗೆ ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ. ಕೈ ಹೋದದ್ದೂ ತಂದೆತಾಯಿ ಇಬ್ಬರ ರಕ್ತದಿಂದಲೂ ಬರುವ ಆ ಎಸ್‌ಎಸ್ ರೋಗದಿಂದಲೇ. ರಕ್ತದ ಕಣಗಳು ಕುಡುಗೋಲಿನಂತೆ ಬಾಗಿ ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡು, ಒಂದು ಬೆಳಗ್ಗೆ ಎದ್ದಾಗ ಬಲಗೈ ಸತ್ತುಹೋಗಿತ್ತು. ಅವಳದ್ದು ಯಾವ ರಕ್ತ ಎಂದು ಅವನೂ ಕೇಳಿದ. ಎಎಸ್ ಎಂದಳು. ರೋಗವಿಲ್ಲ, ಆದರೆ ರೋಗದ ಅರ್ಧ ಅವಳೊಳಗೂ ಇದೆ.

ನಮ್ಮ ಊರಲ್ಲಿ ಹುಡುಗ ಹುಡುಗಿ ಹತ್ತಿರವಾದರೆ ಮನೆಯವರು ಮೊದಲು ಕೇಳುವುದೇ ರಕ್ತ. ಅವರಿಬ್ಬರ ರಕ್ತ ಸೇರಿದರೆ ಹುಟ್ಟುವ ಮಕ್ಕಳಿಗೂ ಆ ರೋಗ ಬರಬಹುದು, ಯಾವ ಪಾದ್ರಿಯೂ ಮದುವೆ ಮಾಡಿಸುವುದಿಲ್ಲ.

ಅವತ್ತೇ ಅವನು ತನ್ನ ನಿಜವಾದ ಹೆಸರು ಹೇಳಿದ್ದು. ಫೆಲಿಕ್ಸ್ ಅವನೇ ಇಟ್ಟುಕೊಂಡದ್ದು. ಅಮ್ಮ ಇಟ್ಟದ್ದು ಕೊಕುಮೊ. ಇನ್ನು ಸಾಯುವುದಿಲ್ಲ ಎಂದು ಅರ್ಥ. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡ ಮನೆಯಲ್ಲಿ ಮಾತ್ರ ಇಡುವ ಹೆಸರು.

"ಆ ಹೆಸರು ಕೇಳಿದ ತಕ್ಷಣ ಜನ ನನ್ನನ್ನ ನೋಡೋದೇ ಬೇರೆ ಥರ," ಎಂದ. "ನೀನೊಬ್ಬಳು ಮಾತ್ರ ಹಾಗೆ ಕರಿ. ಯಾರೂ ಇಲ್ಲದಾಗ."

ಅವಳು ಕರೆದಳು. ಅವನು ಆಚೆ ತಿರುಗಿ ಕಣ್ಣು ಒರೆಸಿಕೊಂಡ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಪ್ರೀತಿ ಉಕ್ಕಿದಾಗ ಬುದ್ಧಿ ಇರುತ್ತದೆಯೇ? ವರ್ಷದ ಕೊನೆಗೆ ಕೇಂದ್ರದಲ್ಲಿ ಪ್ರದರ್ಶನ. ತಂದೆತಾಯಂದಿರು, ಚರ್ಚಿನವರು, ಬೀದಿಯವರು ಎಲ್ಲ ಬಂದಿದ್ದರು. ಅಶಾಬಿಯ ಅಮ್ಮ ಒಳ್ಳೆಯ ಬಟ್ಟೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು, ಬೆರಳುಗಳು ಮಾತ್ರ ಎಂದಿನಂತೆ ನೀಲಿ.

ಅವರ ಕಸುಬಿನಲ್ಲಿ ಹೆಸರಿಲ್ಲದ ಬಟ್ಟೆಯಿಲ್ಲ. ಪ್ರತಿ ಚಿತ್ತಾರಕ್ಕೂ ಒಂದು ಹೆಸರು, ಅದೇ ಅದರ ಮರ್ಯಾದೆ. ಅದೇ ಲೆಕ್ಕದಲ್ಲಿ ಮಗಳೂ ಯೋಚಿಸಿದ್ದಳು. ಗೋಡೆಯ ದೊಡ್ಡ ಪರದೆಯ ಮೇಲೆ ಆಟ ತೆರೆದುಕೊಂಡಾಗ ನೀಲಿಯ ನಡುವೆ ಬೆಳ್ಳಗೆ ಅಕ್ಷರ ಮೂಡಿತು: ಈ ಆಟ ಕೊಕುಮೊಗೆ.

ಅದೂ ಸಾಲದೆಂದು, ಹಿಂದೆ ನಿಂತಿದ್ದ ಅವನತ್ತ ಕೈ ತೋರಿಸಿ, "ಕೊಕುಮೊ, ಬಾ ಇಲ್ಲಿ," ಎಂದು ಕರೆದುಬಿಟ್ಟಳು!

ಸಭೆಯಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ಎಲ್ಲರ ಕಣ್ಣೂ ಅವನ ಮುಖಕ್ಕೆ ಹೋದವು, ಅಲ್ಲಿಂದ ಜೇಬಿನಲ್ಲಿದ್ದ ಕೈಗೆ. ಒಬ್ಬ ಮುದುಕಿ ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟು, ಅಯ್ಯೋ ಮಗನೇ, ನಿನ್ನ ತಾಯಿ ಎಷ್ಟು ಮಕ್ಕಳನ್ನು ಮಣ್ಣು ಮಾಡಿದಳೋ ಎಂದು ಜೋರಾಗಿ ಪ್ರಾರ್ಥನೆ ಶುರುಮಾಡಿದಳು. ಅಕ್ಕಪಕ್ಕದವರು ಆಮೆನ್ ಎಂದರು. ಆಟವನ್ನು ಯಾರೂ ನೋಡಲಿಲ್ಲ.

ಅವನು ತಲೆಯನ್ನು ಬಿಡಿಸಿಕೊಂಡು ಹೊರಟ. ಅಶಾಬಿ ಬೀದಿಯಲ್ಲಿ ಅವನನ್ನು ಹಿಡಿದಳು.

"ಫೆಲಿಕ್ಸ್ ಅಂತ ಒಬ್ಬ ಇದ್ದ. ಅವನಿಗೆ ರೋಗ ಇರಲಿಲ್ಲ, ಕೈ ಒಂದು ಸರಿ ಇರಲಿಲ್ಲ ಅಷ್ಟೇ," ಎಂದ. ದನಿ ಏರಿರಲಿಲ್ಲ. "ಅವನನ್ನ ಕೊಂದುಬಿಟ್ಟೆ ನೀನು."

"ನಾನು ನಿನ್ನ ಮೇಲಿನ..."

"ಕನಿಕರ. ಗೊತ್ತಾಯ್ತು. ಒಂದು ಕೈಯವನಿಗೆ ಒಂದು ಕೈಯ ಆಟ. ನಂಗೆ ಬೇಡ ಅದು. ಇನ್ನು ಬರಬೇಡ."

ಕನಿಕರ ಅಲ್ಲ... ಕನಿಕರ ಅಲ್ಲ! ಮನಸ್ಸು ಕಿರುಚಿಕೊಂಡಿತು, ಅಷ್ಟರಲ್ಲಿ ಅವನು ಬೀದಿಯ ತಿರುವು ದಾಟಿದ್ದ.

ಮನೆಯಲ್ಲಿ ಅಮ್ಮ ಕಾದಿದ್ದಳು. ಹೆಸರು ಓದಿದ ಮೇಲೆ ಅವಳಿಗೆ ರಕ್ತ ಕೇಳುವ ಅಗತ್ಯವೂ ಇರಲಿಲ್ಲ. ನಿನ್ನಪ್ಪ ಎಎ, ರಕ್ತದಲ್ಲಿ ದೋಷವೇ ಇಲ್ಲ ಎಂದು ಯಾವುದೋ ಲ್ಯಾಬಿನವನು ಹೇಳಿದ್ದನ್ನು ನಂಬಿ ನಾನು ಮದುವೆಯಾದೆ, ಅದು ಸುಳ್ಳೆಂದು ಗೊತ್ತಾಗುವ ಹೊತ್ತಿಗೆ ನಿನ್ನಣ್ಣ ನೋವಿಗೆ ಗೋಡೆ ಪರಚುತ್ತಿದ್ದ ಎಂದಳು. ನಿನಗೆ ಎಲ್ಲ ಗೊತ್ತಿದ್ದೂ ಹೋಗುತ್ತೀಯಲ್ಲ ಎಂದು ಅತ್ತಳು. ಮಗಳು ಮಂಡಿಯೂರಿ, ಇನ್ನು ಅವನೇ ನನ್ನನ್ನು ನೋಡುವುದಿಲ್ಲವಂತೆ ಎಂದಳು. ಅಮ್ಮನಿಗೆ ಸಮಾಧಾನವಾಯಿತೋ ಸಂಕಟವಾಯಿತೋ, ಎದ್ದು ಅಂಗಳಕ್ಕೆ ಹೋದಳು.

ಆಮೇಲೆ ಉತ್ತರದ ಒಣಗಾಳಿ ಶುರುವಾಯಿತು. ಎಲ್ಲದರ ಮೇಲೂ ಧೂಳು, ಬೆಳಗ್ಗೆ ಮೈ ಕೊರೆಯುವ ಚಳಿ, ತುಟಿಯೊಡೆದು ನಕ್ಕರೆ ನೋವು. ಅಶಾಬಿಗಂತೂ ನಗುವ ತೊಂದರೆ ಇರಲಿಲ್ಲ. ಶನಿವಾರ ಕೇಂದ್ರಕ್ಕೆ ಹೋದರೂ ಆಟವನ್ನು ಅವಳು ಮತ್ತೆ ತೆರೆಯಲಿಲ್ಲ. ಆ ರೋಗಕ್ಕೆ ಚಳಿಯೇ ವೈರಿ, ಈಗ ಅವನ ಮೂಳೆಗಳು ಎಷ್ಟು ನೋಯುತ್ತಿರಬಹುದು ಎನ್ನುವುದೊಂದೇ ಯೋಚನೆ. ಅವನ ಬೀದಿಯ ತುದಿಯವರೆಗೆ ಹೋಗಿ ಹಿಂತಿರುಗಿದ್ದೂ ಉಂಟು. ಬರಬೇಡ ಎಂದವನ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಅವರ ಅಂಗಳಕ್ಕೆ ಬಂದಳು. ತಾನು ಇಯಾ ಕೊಕುಮೊ, ಕೊಕುಮೊನ ಅಮ್ಮ ಎಂದಳು. ಅಶಾಬಿ ಬಾಗಿಲ ಹಿಂದೆ ಕಲ್ಲಾಗಿ ನಿಂತಳು.

ಇಯಾ ಕೊಕುಮೊ ಮಾತಾಡಿದ್ದು ಅಶಾಬಿಯ ಅಮ್ಮನ ಹತ್ತಿರ. ಹುಡುಗನಿಗೆ ಮತ್ತೆ ಲಕ್ವ ಹೊಡೆದಿದೆ, ಈ ಸಲ ಎಡಗೈ. ಲಾಗೋಸಿನ ದೊಡ್ಡ ಆಸ್ಪತ್ರೆಗೆ ಸಾಗಿಸುವ ಸ್ಥಿತಿಯಲ್ಲಿಲ್ಲ, ದಾರಿಯಲ್ಲೇ ಹೋಗುತ್ತಾನೆ ಎಂದಿದ್ದಾರೆ ಡಾಕ್ಟರು. ಇಲ್ಲಿ ಮಾಡುವುದೂ ಏನೂ ಉಳಿದಿಲ್ಲ. ಅವನು ಯಾರ ಜೊತೆಯೂ ಮಾತಾಡುತ್ತಿಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದಾನೆ.

"ಮದುವೆ ಕೇಳೋಕೆ ಬಂದಿಲ್ಲ ನಾನು," ಎಂದಳು. "ಅಷ್ಟು ದಿನ ನನ್ನ ಮಗನಿಗಿಲ್ಲ. ನಿಮ್ಮ ಮಗಳನ್ನ ಒಂದ್ಸಲ ಕಳಿಸಿ, ಅಷ್ಟೇ."

ಅಶಾಬಿಯ ಅಮ್ಮ ಮಡಕೆಯಲ್ಲಿ ಅದ್ದಿದ ಕೈಯನ್ನು ಹೊರಗೆ ತೆಗೆಯಲಿಲ್ಲ. ತನ್ನ ಮಗ ತೀರಿಕೊಂಡ ದಿನ ಅವನ ಜೊತೆ ಆಡುತ್ತಿದ್ದ ಮಕ್ಕಳನ್ನೆಲ್ಲ ಅವರ ತಾಯಂದಿರು ಒಳಗೆ ಕರೆದು ಬಾಗಿಲು ಹಾಕಿಕೊಂಡಿದ್ದು ಅವಳಿಗೆ ನೆನಪಿತ್ತು.

"ಅಶಾಬಿ, ಬಾಗಿಲ ಹಿಂದೆ ಯಾಕೆ ನಿಂತಿದೀಯ, ಚಪ್ಪಲಿ ಹಾಕ್ಕೋ," ಎಂದಳು.

ಮಾರನೆಯ ದಿನ ಅವಳಿಗೆ ಗಣಿತ ಪರೀಕ್ಷೆ ಎಂದು ಯಾರಿಗೂ ನೆನಪಾಗಲಿಲ್ಲ.

ಆಸ್ಪತ್ರೆಯ ವಾರ್ಡಿನ ಕೊನೆಯ ಮಂಚದಲ್ಲಿ ಅವನಿದ್ದ. ಅಷ್ಟು ಚಿಕ್ಕವನಾಗಿ ಕಾಣುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. ಅವಳ ಹೆಜ್ಜೆ ಕೇಳಿ ಮುಖ ತಿರುಗಿಸಿದ. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು, ಮಾತು ತೊದಲುತ್ತಿತ್ತು.

"ನೋಡು... ಈಗ ಎರಡೂ ಸಮ."

ನಗಿಸಲು ಹೇಳಿದ ಮಾತು. ಅವಳು ಮಂಚದ ಪಕ್ಕ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನ ಅಮ್ಮ ನೀರು ತರುವ ನೆಪ ಮಾಡಿ ಎದ್ದು ಹೋದಳು.

"ಕನಿಕರ ಅಲ್ಲ ಕಣೋ ಅದು," ಎಂದಳು ಅಳುವಿನ ನಡುವೆ. "ನಿನ್ನ ಬೆರಳು ಪರದೆ ಮೇಲೆ ಓಡೋದನ್ನ ನೋಡ್ತಾ ಕೂರಬೇಕು ಅಂತ ಕಟ್ಟಿದ್ದು. ನನ್ನ ಆಸೆಗೆ. ಹೆಸರು ಹಾಕಿದ್ದೂ ನನ್ನ ಆಸೆಗೇ... ನೀನು ನನ್ನವನು ಅಂತ ಊರಿಗೆಲ್ಲ ಹೇಳಬೇಕು ಅನ್ನಿಸಿತ್ತು. ಪ್ರೀತಿಸ್ತೀನಿ ನಿನ್ನ. ಅವತ್ತು ಬೀದಿಯಲ್ಲಿ ಇದನ್ನೇ ಹೇಳೋಕೆ ಬಂದಿದ್ದು."

ಅವನು ಕಣ್ಣು ಮುಚ್ಚಿಕೊಂಡ. ಹೇಳಬೇಕಾದ್ದನ್ನು ತುಂಡು ತುಂಡಾಗಿ ಹೇಳಿದ. ಹೆಸರಿಗಾಗಿ ಸಿಟ್ಟು ಬಂದದ್ದಲ್ಲ. ಎಲ್ಲರೂ ಅಯ್ಯೋ ಎಂದಾಗ ಅವಳ ಮುಖದಲ್ಲೂ ಅಯ್ಯೋ ಕಾಣುತ್ತದೆಯೇನೋ ಎಂದು ಹೆದರಿ ಓಡಿದ್ದ. ಬರಬೇಡ ಎಂದ ದಿನದಿಂದ ಪ್ರತಿ ಶನಿವಾರ ಕೇಂದ್ರದ ಎದುರಿನ ಮರದ ಕೆಳಗೆ ಕೂತು ಅವಳು ಒಳಹೋಗುವುದನ್ನು ನೋಡಿದ್ದ.

"ನಾನೂ," ಎಂದ ಕೊನೆಗೆ. "ಎಡಗೈ ಚಾಚಿದ ದಿನದಿಂದ. ಹೇಳಿ ಏನು ಪ್ರಯೋಜನ ಅಂತ ಸುಮ್ಮನಿದ್ದೆ. ನಿನ್ನನ್ನ ಅಳಿಸಿ ಹೋಗೋನು ನಾನು."

"ಹೇಳದೇ ಹೋಗಿದ್ರೆ ಅಳಲ್ಲ ಅಂದ್ಕೊಂಡಿದ್ಯಾ?"

ಅವಳು ಅವನ ಎರಡೂ ಕೈಗಳನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಅವಳು ಹಿಡಿದದ್ದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಬಿಡಲಿಲ್ಲ. ನರ್ಸು ಬಂದು ನೋಡಿ, ಹೊತ್ತಾಯಿತೆಂದು ಹೇಳಲು ಮನಸ್ಸಾಗದೆ ಪಕ್ಕದ ಮಂಚಕ್ಕೆ ಹೋದಳು.

ಅವನು ವಾಸಿಯಾಗುತ್ತಾನೆಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಬಿಸಿಲು ಕಿಟಕಿಯಿಂದ ಇಳಿಯುತ್ತ ಬಂದಾಗ ಅವನೇ ಕೇಳಿದ.

"ಪರೀಕ್ಷೆ ಯಾವಾಗ ನಿಂಗೆ?"

ಆಗ ಅವಳಿಗೆ ನೆನಪಾಯಿತು. "ನಾಳೆ. ಗಣಿತ. ನಾನು ಹೋಗಲ್ಲ, ಇಲ್ಲೇ ಇರ್ತೀನಿ."

"ಹೋಗಬೇಕು. ಬರೆದು ನೇರ ಇಲ್ಲಿಗೆ ಬಾ."

ಅವಳು ಅವನ ಮುಖವನ್ನೇ ನೋಡಿದಳು. ಕೇಳಬಾರದು, ಕೇಳಬಾರದು ಎನ್ನುತ್ತಲೇ ಕೇಳಿಬಿಟ್ಟಳು.

"ಇರ್ತೀಯಾ?"

ಅವನು ಅವಳಿಗೆ ಯಾವತ್ತೂ ಸುಳ್ಳು ಹೇಳಿರಲಿಲ್ಲ.

"ಬೇಗ ಬರೆದು ಮುಗಿಸು," ಎಂದ.

"ಹೂಂ," ಎಂದಳು ಅಶಾಬಿ.